ಪೆನ್ಸಿಲಿನಲ್ಲಿ ಬರೆದ ಮೂರು ಡಿಗ್ರಿ

ನಮ್ಮ ವರ್ಕ್‌ಶಾಪಿನ ಮುಖ್ಯಸ್ಥರು ರುದ್ರಪ್ಪನವರ ಮೇಜಿನ ಮೇಲಿದ್ದ ಫ್ಯಾನು ಹಸಿರು ಬಣ್ಣದ್ದು ಎಂದು ನನ್ನ ನೆನಪು. ನನ್ನ ಜೊತೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದ ಫಿಟ್ಟರ್ ನಂಜುಂಡ ಮೊನ್ನೆ ಫೋನಿನಲ್ಲಿ, "ಯಾವ್ ಫ್ಯಾನ್ ಮೇಡಂ? ಅಲ್ಲಿ ಫ್ಯಾನೇ ಇರ್ಲಿಲ್ಲ. ಬೇಸಿಗೇಲಿ ಸಾಹೇಬ್ರು ಡ್ರಾಯಿಂಗ್ ಶೀಟಲ್ಲೇ ಗಾಳಿ ಬೀಸ್ಕೊಳ್ಳೋರು" ಎಂದ. ನಾವಿಬ್ಬರೂ ಒಂದೇ ಕೋಣೆಯಲ್ಲಿ ಇದ್ದವರು. ಆದ್ದರಿಂದ ಮುಂದೆ ಬರುವ ಬಣ್ಣಗಳನ್ನು, ವಾರಗಳನ್ನು, ಯಾರು ಯಾವ ಮಾತನ್ನು ಮೊದಲು ಆಡಿದರು ಎಂಬುದನ್ನು ಓದುಗರು ಸ್ವಲ್ಪ ಸಡಿಲವಾಗಿಯೇ ಹಿಡಿದುಕೊಳ್ಳಬೇಕು. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದಲೂ ಇದೆ. ಆದರೆ ದಿನಚರಿಯನ್ನು ಬರೆದವಳೂ ನಾನೇ ತಾನೆ?

ಮನೆಯಲ್ಲೇ ಪುಟ್ಟ ವಿಮಾನ ಕಟ್ಟಿಕೊಳ್ಳುವ ಹವ್ಯಾಸಿಗಳ ಗುಂಪೊಂದು ನಮ್ಮ ಬೆಂಗಳೂರಿನಲ್ಲಿದೆ. ಅದಕ್ಕೆ ಹೊಸದಾಗಿ ಸೇರಿದವರು, "ಆಂಟಿ, ಟೈಲ್‌ವೀಲ್ ಬಗ್ಗೆ ನಿಮ್ಗೆ ಗೊತ್ತಿರೋದನ್ನೆಲ್ಲ ಬರ್ದು ಕೊಡಿ, ಇಂಟರ್ನೆಟ್ಟಲ್ಲಿ ಒಬ್ಬೊಬ್ರು ಒಂದೊಂದ್ ಹೇಳ್ತಾರೆ" ಎಂದು ಕೇಳಿದರು. ಅದಕ್ಕೇ ಇದು. ನಾನು ಯಾವಾಗ ಸೀನಿಯರ್ ಇಂಜಿನಿಯರ್ ಆದೆ, ಯಾವಾಗ ವಿಭಾಗದ ಮುಖ್ಯಸ್ಥೆ ಆದೆ ಎಂಬುದರಿಂದ ಯಾವ ಚಕ್ರವೂ ನೆಟ್ಟಗೆ ಓಡಿದ್ದಿಲ್ಲ, ಅದನ್ನು ಬಿಟ್ಟಿದ್ದೇನೆ.

ವಿಮಾನದ ನೆಲಗಾಲಿಗಳಲ್ಲಿ ಎರಡು ಬಗೆ. ಈಗ ಹೆಚ್ಚಿನವುಗಳಿಗೆ ಮೂರನೆಯ ಚಕ್ರ ಮೂಗಿನ ಕೆಳಗೆ ಇರುತ್ತದೆ. ಹಳೆಯ ಬಗೆಯಲ್ಲಿ ಅದು ಬಾಲದ ಕೆಳಗೆ. ಬಾಲದ ಚಕ್ರದ ವಿಮಾನ ನೆಲದ ಮೇಲೆ ಹೇಗೆ ವರ್ತಿಸುತ್ತದೆ ಎಂದು ತಿಳಿಯಬೇಕಾದರೆ ಜಯನಗರದ ಯಾವುದಾದರೂ ಸೂಪರ್ ಮಾರ್ಕೆಟ್ಟಿಗೆ ಹೋಗಿ, ಸಾಮಾನು ತುಂಬಿದ ಟ್ರಾಲಿಯನ್ನು ಹಿಂದುಮುಂದಾಗಿ ಜೋರಾಗಿ ತಳ್ಳಿ ಬಿಟ್ಟುಬಿಡಿ. ಹತ್ತು ಹೆಜ್ಜೆ ಸಾಧುವಾಗಿ ಹೋಗುತ್ತದೆ. ಹನ್ನೊಂದನೆಯದಕ್ಕೆ ಗಿರಕ್ಕನೆ ತಿರುಗಿ ನಿಮ್ಮ ಮುಖ ನೋಡುತ್ತದೆ. ವಿಮಾನವೂ ಹಾಗೆಯೇ. ಆ ಗಿರಕಿಯಲ್ಲಿ ರೆಕ್ಕೆಯ ತುದಿ ನೆಲಕ್ಕೆ ತಗಲುತ್ತದೆ, ಕಾಲು ಮುರಿಯುತ್ತದೆ, ಕೆಲವೊಮ್ಮೆ ಮನುಷ್ಯನದೂ. ಅದನ್ನು ತಡೆಯುವುದು ಪೈಲಟ್ಟಿನ ಎರಡು ಪಾದ ಮತ್ತು ಅಂಗೈ ಅಗಲದ ಒಂದು ಚಕ್ರ. ನನ್ನ ಮೂವತ್ತು ವರ್ಷದ ನೌಕರಿ ಈ ಅಂಗೈ ಅಗಲದ್ದು.

ನಮ್ಮಪ್ಪನದು ಸಿದ್ದಾಪುರದಲ್ಲಿ ಸೈಕಲ್ ರಿಪೇರಿ ಅಂಗಡಿ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ, ಜೆ.ಪಿ. ನಗರದ ಕೈಗಾರಿಕಾ ಬಡಾವಣೆಯಲ್ಲಿ ಚಿಕ್ಕ ವಿಮಾನಗಳ ಬಿಡಿಭಾಗ ಮಾಡುತ್ತಿದ್ದ ವರ್ಕ್‌ಶಾಪಿಗೆ ಸಂದರ್ಶನಕ್ಕೆ ಹೋದೆ. ಅಲ್ಲಿಯ ಮುಖ್ಯಸ್ಥರು ರುದ್ರಪ್ಪನವರು. ಅವರು ನನ್ನ ಅಂಕಪಟ್ಟಿಯನ್ನು ತಟ್ಟೆಯಂತೆ ಪಕ್ಕಕ್ಕೆ ಸರಿಸಿ, ಒಂದು ಸವೆದ ಬಾಲದ ಚಕ್ರವನ್ನು ಮೇಜಿನ ಮೇಲೆ ಇಟ್ಟರು.

"ಏನಮ್ಮ, ಇದು ಓಡುವಾಗ ಗಡಗಡ ನಡುಗುತ್ತಂತೆ. ಯಾಕೆ?"

ಅಲ್ಲಾಡಿಸಿ ನೋಡಿದೆ. "ಬೇರಿಂಗ್ ಆಡ್ತಿದೆ ಸಾರ್. ಆದ್ರೆ ಅದೊಂದೇ ಅಲ್ಲ. ಇದು ವಿಮಾನದ ಮೇಲೆ ಯಾವ ಓರೆಯಲ್ಲಿ ಕೂತಿತ್ತು ಅಂತ ನೋಡ್ದೆ ಹೇಳಕ್ಕಾಗಲ್ಲ."

"ಇಷ್ಟು ಯಾವ ಸೆಮಿಸ್ಟರಲ್ಲಿ ಹೇಳ್ಕೊಟ್ರು?"

"ಸೈಕಲ್ ಅಂಗಡೀಲಿ ಸಾರ್."

ಸೋಮವಾರದಿಂದ ಬಾ ಎಂದರು. ಮಂಗಳವಾರವೇ ಇರಬಹುದು.

ಮೊದಲ ವರ್ಷವೇ ನಾನು ಮಾಡಿದ ಪ್ರಮಾದ ಈಗಲೂ ಹೊಸಬರು ಮಾಡುವಂಥದ್ದೇ. ಒಂದು ಫ್ಲೈಯಿಂಗ್ ಕ್ಲಬ್ಬಿನ ತರಬೇತಿ ವಿಮಾನಕ್ಕೆ ಬಾಲದ ಚಕ್ರ ಆರಿಸುವ ಕೆಲಸ ನನಗೆ ಕೊಟ್ಟರು. ಮಣ್ಣಿನ ರನ್‌ವೇ, ಕಲಿಯುವವರ ಒರಟು ಇಳಿತ, ಆದ್ದರಿಂದ ಗಾಳಿ ತುಂಬಿದ ದೊಡ್ಡ ಚಕ್ರ ಇರಲಿ, ಮೆತ್ತಗಿರುತ್ತದೆ ಎಂದು ಬರೆದುಕೊಟ್ಟೆ. ಹಳೆಯದಕ್ಕಿಂತ ಒಂದೂವರೆ ಕೆಜಿ ಹೆಚ್ಚು ತೂಕ. ಒಂದೂವರೆ ಕೆಜಿ ಏನು ಮಹಾ ಎಂದುಕೊಂಡಿದ್ದೆ. ರುದ್ರಪ್ಪನವರು ವರದಿ ಓದಿ, ಆ ಚಕ್ರವನ್ನೇ ತರಿಸಿ ನನ್ನ ಕೈಗೆ ಕೊಟ್ಟರು.

"ಎದೆಗೆ ಒತ್ತಿ ಹಿಡ್ಕೊ. ಭಾರ ಇದೆಯಾ?"

"ಇಲ್ಲ ಸಾರ್."

"ಈಗ ಕೈ ಪೂರ್ತಿ ಚಾಚು."

ಚಾಚಿದೆ. "ಎಷ್ಟು ಹೊತ್ತು ಸಾರ್?"

"ವಿಮಾನ ಎಷ್ಟು ಹೊತ್ತು ಹಾರುತ್ತೋ ಅಷ್ಟು ಹೊತ್ತು."

ನನ್ನ ಭುಜ ನಡುಗಿ ಚಕ್ರ ಕೆಳಗೆ ಬೀಳುವವರೆಗೂ ಅವರು ಫೈಲು ನೋಡುತ್ತಾ ಕೂತಿದ್ದರು. ಬಾಲದ ತುದಿಯಲ್ಲಿ ಇಟ್ಟ ತೂಕ ತಕ್ಕಡಿಯಲ್ಲಿ ತೋರುವಷ್ಟು ಮಾತ್ರ ಇರುವುದಿಲ್ಲ. ಅದು ಇಡೀ ವಿಮಾನದ ಸಮತೋಲನವನ್ನು ಹಿಂದಕ್ಕೆ ಎಳೆಯುತ್ತದೆ. ಚಕ್ರ ಆರಿಸುವಾಗ ಮೊದಲು ಇದನ್ನು ಕೇಳಿ, ಮೆತ್ತನೆಯ ಮಾತು ಆಮೇಲೆ. ಡಾಂಬರು ಅಥವಾ ಗಟ್ಟಿ ನೆಲವಾದರೆ ಆರಂಗುಲದ ಗಟ್ಟಿ ರಬ್ಬರ್ ಚಕ್ರ ಸಾಕು. ಹಳ್ಳ ಗುಂಡಿಯ ನೆಲವಾದರೆ ಮಾತ್ರ ದೊಡ್ಡದು.

ಒಮ್ಮೆ ಒಬ್ಬರು ಬಿ.ಟಿ.ಎಂ. ಲೇಔಟಿನಿಂದ ಬಂದಿದ್ದರು, ತಾವೇ ವಿಮಾನ ಕಟ್ಟುತ್ತಿದ್ದವರು. ಚೀಲದಿಂದ ಹೆಮ್ಮೆಯಿಂದ ಹೊರತೆಗೆದದ್ದು ಆಸ್ಪತ್ರೆಯ ಸ್ಟ್ರೆಚರಿನ ಚಕ್ರ.

"ಮೇಡಂ, ಇನ್ನೂರು ಕೆಜಿ ತಡ್ಕೊಳ್ಳುತ್ತೆ ಅಂತ ಗ್ಯಾರಂಟಿ ಕೊಟ್ಟಿದ್ದಾನೆ."

ನಂಜುಂಡ ಅದನ್ನು ತಿರುಗಿಸಿ ನೋಡಿ, "ಸಾರ್, ಪೇಷಂಟು ಅರವತ್ತು ಕಿಲೋಮೀಟರ್ ಸ್ಪೀಡಲ್ಲಿ ಓಡ್ತಾನಾ?" ಎಂದ.

ಅವರಿಗೆ ಬೇಸರವಾಗಬಾರದೆಂದು ಚಕ್ರವನ್ನು ನಮ್ಮ ಬೆಲ್ಟ್ ಯಂತ್ರಕ್ಕೆ ಒತ್ತಿ ವೇಗ ಏರಿಸಿದೆವು. ಅರ್ಧ ನಿಮಿಷದಲ್ಲಿ ರಬ್ಬರು ಬಳೆಯಂತೆ ಕಳಚಿ ಹಾರಿ, ಗೋಡೆಯ ಕ್ಯಾಲೆಂಡರಿಗೆ ಬಡಿದು, ಅವರ ಕಾಲ ಬುಡದಲ್ಲೇ ಬಿತ್ತು. ಅವರು ಅದನ್ನು ಎತ್ತಿಕೊಂಡು, "ನೆನಪಿಗೆ ಇರ್ಲಿ" ಎಂದು ಚೀಲಕ್ಕೆ ಹಾಕಿಕೊಂಡರು.

ಚಕ್ರ ಆರಿಸುವುದು ಸುಲಭ. ಕೂರಿಸುವುದರಲ್ಲಿ ಇದೆ ಕಷ್ಟ. ಲಾರಿಯ ಕೆಳಗೆ ಇರುವಂಥದ್ದೇ ಒಂದು ಚಿಕ್ಕ ಕಮಾನು ಪಟ್ಟಿ ವಿಮಾನದ ಬಾಲದಿಂದ ಹಿಂದಕ್ಕೆ, ಕೆಳಕ್ಕೆ ಚಾಚಿರುತ್ತದೆ. ಅದರ ತುದಿಯಲ್ಲಿ ಒಂದು ಪಿನ್ನು. ಆ ಪಿನ್ನಿನ ಸುತ್ತ ಚಕ್ರ ಎಡಬಲಕ್ಕೆ ತಿರುಗುತ್ತದೆ. ವಿಮಾನ ಪೂರ್ತಿ ಭಾರ ಹೊತ್ತು ನೆಲದ ಮೇಲೆ ನಿಂತಾಗ ಈ ಪಿನ್ನು ನೆಟ್ಟಗಿರಬೇಕು, ಇಲ್ಲವೇ ಅದರ ತಲೆ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಮುಂದಕ್ಕೆ ವಾಲಿದರೆ ಕೆಟ್ಟಿತು, ವೇಗ ಬಂದಾಗ ಚಕ್ರ ಎಡಕ್ಕೂ ಬಲಕ್ಕೂ ಬಡಿದಾಡತೊಡಗುತ್ತದೆ, ಪೈಲಟ್ಟಿನ ಪಾದದ ಮಾತು ಕೇಳುವುದಿಲ್ಲ. ಇಲ್ಲಿಯ ಮೋಸ ಏನೆಂದರೆ, ಭಾರ ಬಿದ್ದಷ್ಟೂ ಕಮಾನು ಚಪ್ಪಟೆಯಾಗುತ್ತದೆ, ಚಪ್ಪಟೆಯಾದಷ್ಟೂ ಪಿನ್ನಿನ ತಲೆ ಮುಂದಕ್ಕೆ ಬರುತ್ತದೆ. ಖಾಲಿ ವಿಮಾನದಲ್ಲಿ ಮೂರು ಡಿಗ್ರಿ ಹಿಂದಕ್ಕೆ ಇದ್ದದ್ದು, ಪೈಲಟ್ ಕೂತು ಪೆಟ್ರೋಲ್ ತುಂಬಿದ ಮೇಲೆ ಮುಂದಕ್ಕೇ ವಾಲಿಬಿಡಬಹುದು. ಹಾಗಾದಾಗ ಪಟ್ಟಿಯ ಬುಡಕ್ಕೆ ತೆಳುವಾದ ಅಲ್ಯುಮಿನಿಯಂ ಬೆಣೆ ಕೊಟ್ಟು ಸರಿಪಡಿಸುತ್ತೇವೆ. ರಡ್ಡರಿನಿಂದ, ಎಂದರೆ ಬಾಲದ ಚುಕ್ಕಾಣಿಯಿಂದ, ಚಕ್ರಕ್ಕೆ ಬರುವ ಚೈನುಗಳಿಗೆ ಎರಡೂ ಕಡೆ ಒಂದೇ ಬಿಗುವಿನ ಸ್ಪ್ರಿಂಗ್ ಹಾಕಬೇಡಿ. ಎಡಕ್ಕೆ ಒಂದು, ಬಲಕ್ಕೆ ಸ್ವಲ್ಪ ಬೇರೆ. ಜೋಡಿ ಒಂದೇ ತಾಳಕ್ಕೆ ಕುಣಿಯಬಾರದು.

ಖಾಲಿ ಅಳತೆ, ಭಾರದ ಅಳತೆ ಬೆರೆತುಹೋಗಬಾರದೆಂದು ನಮ್ಮ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ ಇತ್ತು. ಖಾಲಿ ವಿಮಾನದ ಅಳತೆ ನೀಲಿ ಶಾಯಿಯಲ್ಲಿ, ಭಾರ ಇಟ್ಟ ಅಳತೆ ಕೆಂಪು ಶಾಯಿಯಲ್ಲಿ. ಪಕ್ಕದಲ್ಲಿ ಅಕ್ಷರ ಬರೆಯುವಂತಿಲ್ಲ. "ಕೈಗೆ ಗ್ರೀಸ್ ಆಗಿರುತ್ತೆ, ನಿಮ್ಮ ಅಕ್ಷರ ಯಾರ್ ಓದ್ತಾರೆ? ಬಣ್ಣ ಮೈಸೂರಿಂದ ನೋಡಿದ್ರೂ ಗೊತ್ತಾಗುತ್ತೆ" ಎನ್ನುತ್ತಿದ್ದರು ರುದ್ರಪ್ಪನವರು. ಎಷ್ಟು ಅಭ್ಯಾಸವಾಗಿತ್ತೆಂದರೆ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನ, ಮುಗಿದ ದಿನಗಳನ್ನೂ ನಾನು ಕೆಂಪು ನೀಲಿಯಲ್ಲಿ ಬರೆಯುತ್ತಿದ್ದೆ. ತುಂಬಿದ್ದು ಕೆಂಪು, ಖಾಲಿಯಾದದ್ದು ನೀಲಿ.

ಅಳೆಯುವ ಸಾಧನಗಳು ನನ್ನ ಕಾಲದಲ್ಲೇ ಎರಡು ಸಲ ಬದಲಾದವು. ಸೇರಿದಾಗ ಗಾರೆಯವರ ರಸಮಟ್ಟ, ದಾರಕ್ಕೆ ಕಟ್ಟಿದ ಗುಂಡು ಮತ್ತು ಹಿತ್ತಾಳೆಯ ಕೋನಮಾಪಕ. ನಡುವೆ ಅಂಕಿ ತೋರಿಸುವ ಎಲೆಕ್ಟ್ರಾನಿಕ್ ಮಾಪಕ. ಕೊನೆಗೆ ಎಲ್ಲರ ಜೇಬಿನ ಫೋನು. ಫೋನಿನಲ್ಲಿ ಅಳೆಯುವವರಿಗೆ ಒಂದು ಮಾತು: ಕವರ್ ಬಿಚ್ಚಿ, ಅಂಚನ್ನು ಒತ್ತಿ ಇಡಿ. ಒಮ್ಮೆ ಒಬ್ಬರ ವಿಮಾನದಲ್ಲಿ ಎರಡು ಡಿಗ್ರಿ ಎಲ್ಲಿಂದ ಬಂತೆಂದು ಮಧ್ಯಾಹ್ನವೆಲ್ಲ ಹುಡುಕಿದೆವು. ಅದು ಅವರ ಫೋನಿನ ಬೆನ್ನಿನಲ್ಲಿ ಉಬ್ಬಿದ್ದ ಕ್ಯಾಮರಾ.

ಇನ್ನು ಭಾವನ ವಿಮಾನ. ಇದನ್ನು ಬರೆಯದೆ ಮುಂದೆ ಹೋಗುವಂತಿಲ್ಲ.

ಭಾವ ಎಂದರೆ ನನ್ನ ಸರೋಜಕ್ಕನ ಗಂಡ, ಮಹದೇವಯ್ಯ. ಟೆಲಿಫೋನ್ ಇಲಾಖೆಯಲ್ಲಿದ್ದವರು. ನಲವತ್ತು ದಾಟಿದ ಮೇಲೆ ಹಟ ಹಿಡಿದು ಫ್ಲೈಯಿಂಗ್ ಕ್ಲಬ್ಬಿಗೆ ಸೇರಿ ಲೈಸೆನ್ಸ್ ತೆಗೆದುಕೊಂಡಿದ್ದರು. ನಿವೃತ್ತರಾದದ್ದೇ ವಸಂತಪುರದ ಮನೆಯ ಕಾರ್ ಪಾರ್ಕಿಂಗಿನಲ್ಲಿ ಎರಡು ಸೀಟಿನ ಬಾಲಚಕ್ರದ ವಿಮಾನ ಕಟ್ಟಲು ಕೂತರು. ಪೈಪು ಬೆಸೆದು ಮೈಗೆ ರೂಪ ಬಂದಾಗ ಎದುರುಮನೆಯ ಹುಡುಗಿ ಗೇಟಿನಲ್ಲಿ ನಿಂತು ಕೇಳಿದಳು.

"ಅಂಕಲ್, ಇದು ದೋಣೀನಾ?"

"ಅಲ್ಲಮ್ಮ, ವಿಮಾನ."

"ಓ! ಗಣೇಶನ್ನ ಕೂರ್ಸಕ್ಕಾ?"

ಆ ಬೀದಿಯವರು ಕೊನೆಯವರೆಗೂ ಅದನ್ನು ಗಣೇಶನ ವಿಮಾನವೆಂದೇ ಕರೆದರು. ರೆಕ್ಕೆ ಜೋಡಿಸುವ ಹೊತ್ತಿಗೆ ಜಾಗ ಸಾಲದೆ, ತಲಘಟ್ಟಪುರದಲ್ಲಿ ಭಾವನ ಗೆಳೆಯರೊಬ್ಬರ ಕಡಪ ಕಲ್ಲಿನ ಗೋದಾಮಿಗೆ ಟೆಂಪೋದಲ್ಲಿ ಸಾಗಿಸಿದೆವು. ಕನಕಪುರ ರಸ್ತೆಯ ಸಿಗ್ನಲ್ಲಿನಲ್ಲಿ ಪೊಲೀಸಿನವರು ಟೆಂಪೋ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಸಾರ್, ಇದಕ್ಕೆ ಹೆಲ್ಮೆಟ್ಟು ಬೇಕಾ ಬೇಡ್ವಾ ಅಂತ ನಂಗೂ ಗೊತ್ತಿಲ್ಲ, ಹೋಗಿ" ಎಂದರು.

ಬಾಲದ ಚಕ್ರ ನನ್ನ ಪಾಲಿನ ಕೆಲಸ. ನಾನಾಗ ನೌಕರಿಯ ಕೊನೆಯ ವರ್ಷಗಳಲ್ಲಿದ್ದೆ. ಭಾವನಿಗೆ ದೊಡ್ಡ ಚಕ್ರದ ಆಸೆ.

"ನೋಡಕ್ಕೆ ಚೆನ್ನಾಗಿರುತ್ತೆ ಕಣಮ್ಮ. ಇದೇನಿದು, ತೊಟ್ಲಿಗೆ ಹಾಕೋ ಚಕ್ರದ್ ಥರ."

"ಭಾವ, ನೀವು ಅದನ್ನ ನೋಡಲ್ಲ. ಅದು ನಿಮ್ ಬೆನ್ನ ಹಿಂದೆ ಇರುತ್ತೆ."

ಆರಂಗುಲದ ಗಟ್ಟಿ ರಬ್ಬರಿನದೇ ಆಯಿತು. ಪೆಡಲಿನ ಜೊತೆ ತಿರುಗುವಂಥದ್ದು, ತೀರಾ ದೊಡ್ಡ ತಿರುವು ಬೇಕಾದಾಗ ಮಾತ್ರ ಪೆಡಲಿನ ಹಿಡಿತ ಬಿಟ್ಟು ಸುತ್ತ ತಿರುಗುವಂಥದ್ದು.

ಕೂರಿಸಿದ್ದು ಒಂದು ಭಾನುವಾರ. ಪೆಟ್ರೋಲಿನ ತೂಕಕ್ಕೆಂದು ಇಪ್ಪತ್ತು ಲೀಟರಿನ ನೀರಿನ ಕ್ಯಾನುಗಳನ್ನು ಇಟ್ಟೆವು. ಪೈಲಟ್ಟಿನ ತೂಕಕ್ಕೆ ಪೈಲಟ್ಟೇ ಇದ್ದರು. ಭಾವ ಸೀಟಿಗೆ ಹತ್ತಿ ಕೂತರು, ನಾನು ಬಾಲದ ಬಳಿ ಗೋಣಿಚೀಲ ಹಾಸಿಕೊಂಡು ಮಲಗಿದೆ.

"ಆಯ್ತಾ?"

"ಬೆಣೆ ಇನ್ನೂ ಕೂತಿಲ್ಲ. ಅಲ್ಲಾಡ್ಬೇಡಿ."

"ಉಸಿರಾಡ್ಬೋದಾ?"

"ನಿಧಾನಕ್ಕೆ."

ಅಷ್ಟರಲ್ಲಿ ಅಕ್ಕ ಆಟೋದಲ್ಲಿ ಊಟದ ಕ್ಯಾರಿಯರ್ ತಂದಳು. "ಪಕ್ಕದ್ಮನೆಯೋರೂ ರಿಟೈರ್ ಆದ್ರು, ಟೆರೇಸಲ್ಲಿ ಟೊಮೇಟೊ ಬೆಳ್ಕೊಂಡು ಸುಮ್ನಿದ್ದಾರೆ. ಇವ್ರನ್ನ ನೋಡು. ಮುದ್ದೆ ಆರೋಗುತ್ತೆ, ಇಳೀರಿ ಸಾಕು" ಎಂದಳು. ಭಾವ ಇಳಿದರು. ಉಂಡೆವು. ಮತ್ತೆ ಕೆಲಸಕ್ಕೆ ಹೋದೆವು. ಬೆಣೆ ಬದಲಿಸಿ ಮತ್ತೆ ಅಳೆದೆ. ಆ ಸಂಜೆ ಎಷ್ಟು ಸಲ ಅಳೆದೆ, ಅವರು ಎಷ್ಟು ಸಲ ಹತ್ತಿ ಇಳಿದರು, ಲೆಕ್ಕವಿಲ್ಲ. ಕೊನೆಗೆ ಬಂದ ಕೋನ ಮೂರು ಡಿಗ್ರಿ, ಹಿಂದಕ್ಕೆ. ಸರಿಯಾಯಿತೆಂದು ಬೋಲ್ಟುಗಳು ಸಡಿಲವಾಗದಂತೆ ಕಾಟರ್ ಪಿನ್ ಹಾಕಿ, ಕೈ ಒರೆಸಿಕೊಂಡು ಮನೆಗೆ ಹೋದೆ.

ತಮಿಳುನಾಡಿನ ಗಡಿಯಾಚೆಗಿನ ಒಂದು ಖಾಸಗಿ ರನ್‌ವೇಯಲ್ಲಿ ಓಡಿಸಿ ನೋಡಲು ಒಪ್ಪಿಗೆ ಸಿಕ್ಕಿತು. ಹಾರುವುದಲ್ಲ, ನೆಲದ ಮೇಲೆ ಓಡಿಸುವುದು ಮಾತ್ರ. ಚಕ್ರಗಳ ಕೆಳಗೆ ಅಕ್ಕ ನಿಂಬೆಹಣ್ಣು ಇಟ್ಟಳು. ಬಾಲದ ಚಕ್ರ ಚಿಕ್ಕದೆಂದು ಅದಕ್ಕೆ ಅರ್ಧ ಹೋಳು. ನಿಧಾನದ ಎರಡು ಓಟಗಳೂ ಚೆನ್ನಾಗಿದ್ದವು. ಭಾವ ಕಿಟಕಿಯಿಂದ ಹೆಬ್ಬೆಟ್ಟು ತೋರಿಸಿದರು. ಮೂರನೆಯದು ವೇಗದ ಓಟ. ವಿಮಾನ ನಮ್ಮ ಮುಂದೆ ಹಾದು ಹೋಯಿತು, ಬಾಲ ಇನ್ನೂ ಎದ್ದಿರಲಿಲ್ಲ, ಆಗ ಹಿಂದಿನಿಂದ ಗಡಗಡ ಸದ್ದು ಕೇಳಿತು. ಕೇಳಿತು ಎಂದು ನಾನು ಹೇಳುತ್ತೇನೆ. ನನ್ನ ಪಕ್ಕದಲ್ಲೇ ನಿಂತಿದ್ದ ಅಕ್ಕ ಇಂಜಿನ್ ಸದ್ದು ಬಿಟ್ಟು ಬೇರೆ ಏನೂ ಕೇಳಲಿಲ್ಲ ಎನ್ನುತ್ತಾಳೆ. ಮರುಕ್ಷಣ ಬಾಲ ಎಡಕ್ಕೆ ಹೊರಳಿತು, ವಿಮಾನ ಗಿರಕ್ಕನೆ ತಿರುಗಿ, ಎಡಗಡೆಯ ಕಾಲು ಮಡಚಿ, ಎಡ ರೆಕ್ಕೆ ನೆಲ ಕೆರೆಯಿತು. ಧೂಳು ಅಡಗಿದಾಗ ಅದು ಬಂದ ದಾರಿಯನ್ನೇ ನೋಡುತ್ತಾ ನಿಂತಿತ್ತು.

ಓಡಿದೆವು. ಭಾವ ತಾವೇ ಇಳಿದು ಬಂದರು. ಭುಜ ಜಜ್ಜಿತ್ತು, ಬೇರೇನೂ ಆಗಿರಲಿಲ್ಲ. ಅಕ್ಕ ಅಳುತ್ತಲೇ ಬೈಯುತ್ತಿದ್ದಳು. ನಾನು ಬಾಲದ ಕಡೆ ಹೆಜ್ಜೆ ಹಾಕುವ ಮೊದಲೇ ಭಾವ ಹೇಳಿದರು:

"ತಪ್ಪು ನನ್ ಕಾಲಿಂದು. ಎಡ ಪೆಡಲ್ ಲೇಟಾಗಿ ಒತ್ತಿದೆ. ನೀನು ಹೋಗಿ ಚಕ್ರ ನೋಡ್ಬೇಡ, ಚಕ್ರದ್ ಏನೂ ಇಲ್ಲ."

ರನ್‌ವೇಯವರ ರಿಜಿಸ್ಟರಿನಲ್ಲೂ ಹಾಗೆಯೇ ಬರೆದು ಸಹಿ ಹಾಕಿದರು. ನಾನು ಹೋಗಿ ನೋಡಿದೆ, ಆದರೆ ಕಮಾನು ಪಟ್ಟಿ ತಿರುಚಿಕೊಂಡಿತ್ತು. ಬೀಳುವ ಮೊದಲು ಅದು ಯಾವ ಓರೆಯಲ್ಲಿತ್ತು ಎಂದು ಅದರಿಂದ ಹೇಳಿಸಲು ಸಾಧ್ಯವಿರಲಿಲ್ಲ. ಆಗ ನನಗೆ ಆದದ್ದು ದುಃಖಕ್ಕಿಂತ ಹೆಚ್ಚಾಗಿ ನಿರಾಳ. ಇದನ್ನು ಬರೆಯಲು ಎರಡು ದಿನ ಹಿಡಿಯಿತು.

ಭಾವ ಮತ್ತೆ ಹಾರಲಿಲ್ಲ. ಲೈಸೆನ್ಸನ್ನು ಮುಂದುವರಿಸಲಿಲ್ಲ. ವಿಮಾನವನ್ನು ಒಂದು ಇಂಜಿನಿಯರಿಂಗ್ ಕಾಲೇಜಿಗೆ ಕೊಟ್ಟುಬಿಟ್ಟರು. ಅಲ್ಲಿಗೇ ನಿಂತಿದ್ದರೆ ಇದು ಹವ್ಯಾಸಿಯೊಬ್ಬರ ಸೋಲು ಎಂದು ಬಿಡಬಹುದಿತ್ತು. ಆದರೆ ಮುಂದಿನ ತಿಂಗಳು ಕಾರನ್ನೂ ಮಾರಿದರು. "ಒಂದ್ ಪೆಡಲ್ಲಿಗೆ ಲೇಟಾದ ಕಾಲು ಇನ್ನೊಂದಕ್ಕೂ ಲೇಟಾಗುತ್ತೆ. ರಸ್ತೇಲಿ ಮಕ್ಕಳು ಇರ್ತಾರೆ" ಎಂದರು. ಆಮೇಲೆ ಸ್ಕೂಟರ್ ಬಿಟ್ಟರು. ಈಗ ಬನಶಂಕರಿಯಲ್ಲಿರುವ ನನ್ನ ಮನೆಗೆ ಬರಬೇಕಾದರೂ ಆಟೋ, ರಸ್ತೆ ದಾಟಬೇಕಾದರೆ ಅಕ್ಕನ ಕೈ. ಡಾಕ್ಟರು ಕಾಲಿನಲ್ಲಿ ಏನೂ ದೋಷವಿಲ್ಲ ಎಂದರೂ ನಂಬುವುದಿಲ್ಲ. ತಮ್ಮ ಕಾಲಿನ ಮೇಲೆ ಅವರೇ ಕೊಟ್ಟ ತೀರ್ಪು ಅದು.

ನಾನಾದರೋ ಆ ತೀರ್ಪನ್ನು ಚೆನ್ನಾಗಿ ಬಳಸಿಕೊಂಡೆ. ನಿವೃತ್ತಿಯ ನಂತರ ಹವ್ಯಾಸಿಗಳಿಗೆ ಪಾಠ ಹೇಳಲು ಕರೆದಾಗಲೆಲ್ಲ, "ಚಕ್ರ ಸರಿಯಾಗಿಯೇ ಇತ್ತು, ಪಾದ ತಡವಾಯಿತು, ಅಂಥದ್ದೊಂದನ್ನು ನಾನೇ ಕಂಡಿದ್ದೇನೆ" ಎಂದು ಉದಾಹರಣೆ ಕೊಡುತ್ತಿದ್ದೆ. ಹೆಸರು ಹೇಳುತ್ತಿರಲಿಲ್ಲ. ಅದನ್ನೇ ದೊಡ್ಡ ಸೌಜನ್ಯವೆಂದುಕೊಂಡಿದ್ದೆ.

ಈ ಬರಹಕ್ಕೆಂದು ಹಳೆಯ ಅಳತೆಯ ಪುಸ್ತಕಗಳನ್ನು ಕೆಳಗಿಳಿಸಿದೆ. ಕೆಂಪು, ನೀಲಿ, ಕೆಂಪು, ನೀಲಿ. ಯಾವ ವಿಮಾನದ ಯಾವ ಅಂಕಿಯನ್ನು ಕೇಳಿದರೂ ಖಾಲಿಯೋ ಭಾರವೋ ಎಂದು ಕ್ಷಣದಲ್ಲಿ ಹೇಳಬಲ್ಲೆ. ಭಾವನ ವಿಮಾನದ ಪುಟಕ್ಕೆ ಬಂದೆ. ಅಲ್ಲಿ ಒಂದೇ ಅಂಕಿ ಇದೆ: ೩. ಪೆನ್ಸಿಲಿನಲ್ಲಿ. ಗೋದಾಮಿನಲ್ಲಿ ಶಾಯಿಯ ಪೆನ್ನು ಇರಲಿಲ್ಲ. ಕಲ್ಲಿನ ಮೇಲೆ ಗುರುತು ಹಾಕುವ ದಪ್ಪ ಪೆನ್ಸಿಲ್ ಸಿಕ್ಕಿತ್ತು, ಅದರಲ್ಲೇ ಬರೆದುಕೊಂಡಿದ್ದೆ. ಪಕ್ಕದಲ್ಲಿ ಅಕ್ಷರ ಬರೆಯುವ ಅಭ್ಯಾಸವೇ ನನಗಿರಲಿಲ್ಲ.

ಭಾರದಲ್ಲಿ ಮೂರಾಗಿದ್ದರೆ ನನ್ನ ಕೆಲಸ ಸರಿ. ಖಾಲಿಯಲ್ಲಿ ಮೂರಾಗಿದ್ದರೆ, ಭಾವ ಕೂತೊಡನೆ ಪಿನ್ನು ಮುಂದಕ್ಕೆ ವಾಲಿದೆ, ಚಕ್ರ ನಡುಗಿದೆ, ಅವರ ಪಾದ ಎಷ್ಟು ಬೇಗ ಒತ್ತಿದರೂ ಪ್ರಯೋಜನವಿರಲಿಲ್ಲ.

ನೆನಪನ್ನು ಕೇಳಿದೆ. ನೆನಪು ಎರಡು ಚಿತ್ರ ಕೊಟ್ಟಿತು. ಒಂದರಲ್ಲಿ ಭಾವ ಮೇಲೆ ಸೀಟಿನಲ್ಲಿ ಕೂತು "ಎಷ್ಟ್ ಬಂತು?" ಎಂದು ಕೂಗುತ್ತಾರೆ, ನಾನು "ಮೂರು" ಎನ್ನುತ್ತೇನೆ. ಇನ್ನೊಂದರಲ್ಲಿ ಗೋದಾಮಿನ ಕತ್ತಲ ಮೂಲೆ, ಮಾಪಕದ ಮೇಲೆ ಬೀಳುವ ಟಾರ್ಚಿನ ಬೆಳಕು, ಟಾರ್ಚು ಹಿಡಿದ ಕೈಯಲ್ಲಿ ಭಾವನ ಸ್ಟೀಲ್ ಪಟ್ಟಿಯ ವಾಚು. ಎರಡೂ ಅಚ್ಚುಕಟ್ಟಾಗಿವೆ. ಎರಡರಲ್ಲೂ ಮುದ್ದೆ ಬಸ್ಸಾರಿನ ವಾಸನೆ ಇದೆ. ಒಬ್ಬ ಮನುಷ್ಯ ಮೇಲೆ ಕೂತು ಕೆಳಗೆ ಟಾರ್ಚು ಹಿಡಿಯಲಾರ.

ವಸ್ತುವನ್ನೇ ಕೇಳೋಣವೆಂದು ಕಾಲೇಜಿಗೆ ಹೋದೆ. ವಿಮಾನ ಮೆಟ್ಟಿಲ ಬುಡದಲ್ಲಿ ಚೆನ್ನಾಗಿ ನಿಂತಿದೆ, ಧೂಳು ಒರೆಸುತ್ತಾರೆ. ಬಾಲವನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದ್ದಾರೆ. ಚಕ್ರ, ಪಟ್ಟಿ, ಬೆಣೆ ಮೂರೂ ಇಲ್ಲ. ಗುಜರಿಗೆ ಹೋದವಂತೆ. ಎದುರಿಗೆ ಒಂದು ಬೋರ್ಡು: ಚಾಲಕನ ತಪ್ಪಿನಿಂದ ಹಾನಿಗೊಳಗಾದ ಹವ್ಯಾಸಿ ವಿಮಾನ. ತೋರಿಸಲು ಬಂದಿದ್ದ ವಿದ್ಯಾರ್ಥಿನಿ, "ಮೇಡಂ, ಫೋಟೋ ತೆಗೀಲಾ?" ಎಂದಳು. ಬೋರ್ಡಿನ ಪಕ್ಕ ನಿಲ್ಲಿಸಿ ತೆಗೆದಳು. ಅದು ನನ್ನ ಫೋನಿನಲ್ಲಿ ಇದೆ.

ಕಾಲೇಜಿನಿಂದ ನೇರವಾಗಿ ವಸಂತಪುರಕ್ಕೆ ಹೋದೆ. ಭಾವ ವರಾಂಡದಲ್ಲಿ ಕೂತು, ನೆನೆಸಿದ ಅವರೆಕಾಳನ್ನು ಹಿಸುಕಿ ಸಿಪ್ಪೆ ಬಿಡಿಸುತ್ತಿದ್ದರು. ಅಕ್ಕ ಅವರಿಗೆ ವಹಿಸಿದ ಕೆಲಸ. ಪುಸ್ತಕ ತೆರೆದು ಪುಟ ತೋರಿಸಿದೆ. ಕೆಂಪು ನೀಲಿಯ ಪದ್ಧತಿ ಅವರಿಗೆ ಗೊತ್ತಿತ್ತು, ಏನೂ ವಿವರಿಸಬೇಕಾಗಲಿಲ್ಲ. ಪ್ರಶ್ನೆ ಕೇಳಿದೆ. ಕನ್ನಡಕ ಏರಿಸಿಕೊಂಡು ಆ ಅಂಕಿಯನ್ನು ಬಹಳ ಹೊತ್ತು ನೋಡಿದರು.

"ನೀನು ಬರೀತಿದ್ದೀಯಂತಲ್ಲ, ಅದ್ರಲ್ಲಿ ಇದೂ ಬರುತ್ತಾ?"

"ಬರುತ್ತೆ ಭಾವ."

"ನಿನ್ ಹೆಸ್ರಲ್ಲೇ?"

"ನನ್ ಹೆಸ್ರಲ್ಲೇ."

"ಹಾಗಾದ್ರೆ ಅವಸರದಲ್ಲಿ ಹೇಳೋದಲ್ಲ. ಯೋಚ್ನೆ ಮಾಡಿ ಹೇಳ್ತೀನಿ" ಎಂದು ಮತ್ತೆ ಅವರೆಕಾಳಿಗೆ ಕೈ ಹಾಕಿದರು.

ಅವರೆಯ ಕಾಲ ಮುಗಿದು ಮಾವು ಬಂದಿದೆ. ಭಾವ ಪ್ರತಿ ಭಾನುವಾರ ಫೋನು ಮಾಡುತ್ತಾರೆ. ಮೆಟ್ರೋ, ಮಂಡಿನೋವು, ಎದುರುಮನೆಯ ಹುಡುಗಿಗೆ ಕೆಲಸ ಸಿಕ್ಕಿದ್ದು, ಎಲ್ಲ ಮಾತಾಡುತ್ತಾರೆ. ಹೋದ ವಾರ ಅಕ್ಕ ಫೋನು ಕಿತ್ತುಕೊಂಡು, "ಏನೇ ಕೇಳ್ದೆ ಇವ್ರನ್ನ? ಕಾರಿಲ್ಲದ ಪಾರ್ಕಿಂಗಲ್ಲಿ ಕುರ್ಚಿ ಹಾಕ್ಕೊಂಡು ಕೂತ್ಕೋತಾರೆ. ಕಾಲು ಮುಂದಕ್ಕೆ ಹಿಂದಕ್ಕೆ ಆಡಿಸ್ತಾ ಇರ್ತಾರೆ" ಎಂದಳು.

ನಾನು ಕೇಳಿದ್ದು ಇಷ್ಟೇ:

"ಭಾವ, ನಾನು ಈ ಮೂರು ಅಂತ ಬರ್ಕೊಂಡಾಗ ನೀವು ಮೇಲೆ ಸೀಟಲ್ಲಿ ಕೂತಿದ್ರಾ, ಇಲ್ಲ ಕೆಳಗಡೆ ನನ್ ಪಕ್ಕ ಟಾರ್ಚ್ ಹಿಡ್ಕೊಂಡು ನಿಂತಿದ್ರಾ?"